ಗಾಯ ಹೊಲಿದ ಕೈ: ಡಾ. ದ್ವಾರಕಾನಾಥ ಕೋಟಣೀಸ

ಕಳೆದ ವರ್ಷ ಮಳೆಗಾಲದಲ್ಲಿ ನಮ್ಮ ಶಾಲೆಯ ಆರನೆಯ ಇಯತ್ತೆಯ ಬಾಲಕನೊಬ್ಬ ಆಟದ ಬಯಲಿನಲ್ಲಿ ಜಾರಿಬಿದ್ದು ಹಣೆ ಒಡೆದುಕೊಂಡನು. ಸಮೀಪದ ದವಾಖಾನೆಯಲ್ಲಿ ನಾಲ್ಕು ಹೊಲಿಗೆ ಬಿದ್ದವು. ಐದಾರು ದಿನಗಳ ನಂತರ ವೈದ್ಯರು ಆ ಹೊಲಿಗೆಗಳನ್ನು ಬಿಚ್ಚಿದರು. ಮರುದಿನ ಬಾಲಕ ನನ್ನ ಕೊಠಡಿಯ ಬಾಗಿಲಲ್ಲಿ ಬಂದು ನಿಂತನು. ಅಷ್ಟು ಕಷ್ಟಪಟ್ಟು ಹಾಕಿದ ದಾರವನ್ನು ತೆಗೆದುಬಿಟ್ಟರೆ ಗಾಯ ಮತ್ತೆ ಬಾಯಿ ಬಿಡುವುದಿಲ್ಲವೇ ಎಂಬುದು ಅವನ ಸಂಶಯ. ನಾನು ಸಾಹಿತ್ಯ ಓದಿದವಳು. ವಿಜ್ಞಾನದ ಶಿಕ್ಷಕರನ್ನು ಕೇಳಿ ತಿಳಿದುಕೊಂಡು ಹೇಳುವೆನೆಂದು ಅವನನ್ನು ತರಗತಿಗೆ ಕಳುಹಿಸಿದೆನು.

ಅದೇ ವಾರ ಮಕ್ಕಳನ್ನು ಕರೆದುಕೊಂಡು ನಗರದ ಭಯ್ಯಾ ಚೌಕದ ಬಳಿಯಿರುವ ಡಾ. ಕೋಟಣೀಸ ಸ್ಮಾರಕಕ್ಕೆ ಹೋಗುವುದಿತ್ತು. ಮಗುವಿನ ಪ್ರಶ್ನೆ ಮನಸ್ಸಿನಲ್ಲಿಯೇ ಇದ್ದುದರಿಂದ, ಅನೇಕ ಸಲ ನೋಡಿದ ಆ ಮನೆಯನ್ನು ಅಂದು ಬೇರೆ ರೀತಿಯಿಂದ ನೋಡಿದೆನು. ಹೊಲಿಗೆ ಹಾಕುವುದನ್ನೇ ಜೀವನದ ಕೆಲಸ ಮಾಡಿಕೊಂಡು, ಮೂವತ್ತೆರಡನೆಯ ವಯಸ್ಸಿನಲ್ಲಿ ಪರದೇಶದ ಮಣ್ಣಿನಲ್ಲಿ ಮಣ್ಣಾದ ನಮ್ಮ ಊರಿನ ಈ ಶಸ್ತ್ರವೈದ್ಯರ ಕಥೆಯಲ್ಲಿ ಆ ಬಾಲಕನ ಪ್ರಶ್ನೆಗೆ ಉತ್ತರವಿರಬಹುದು ಎನಿಸಿತು. ಶತಮಾನೋತ್ಸವದ ಸಂಚಿಕೆಗೆ ಏನಾದರೂ ಬರೆಯಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಬೇರೆ ವಿಷಯ ಹೊಳೆಯಲಿಲ್ಲ.

ಡಾ. ಕೋಟಣೀಸರ ಮನೆಮಾತು ಮರಾಠಿ. ಕನ್ನಡ ಶಾಲೆಯ ಸಂಪುಟದಲ್ಲಿ ಅವರ ಚರಿತ್ರೆಗೆ ಸ್ಥಳವೇಕೆ ಎಂದು ಕೆಲವರು ಕೇಳಬಹುದು. ಸೊಲ್ಲಾಪುರದಲ್ಲಿ ಹುಟ್ಟಿ ಬೆಳೆದವರಿಗೆ ಈ ಪ್ರಶ್ನೆ ಅಷ್ಟಾಗಿ ಕಾಡುವುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ ಸೊನ್ನಲಿಗೆ ಇದು. ಇಲ್ಲಿ ಮಗ್ಗದ ಮುಂದೆ ತೆಲುಗು, ಪೇಟೆಯಲ್ಲಿ ಮರಾಠಿ ಮತ್ತು ಉರ್ದು, ಗುಡಿಯ ಕಟ್ಟೆಯ ಮೇಲೆ ಕನ್ನಡ ಕೇಳಿಬರುವುದು ಇಂದಿಗೂ ಸಾಮಾನ್ಯ. ಊರಿಗೆ ಸೇರಿದವರೆಲ್ಲರೂ ಊರಿನ ಎಲ್ಲ ಶಾಲೆಗಳಿಗೂ ಸೇರಿದವರು. ಇದಲ್ಲದೆ ಇನ್ನೊಂದು ಕಾರಣವೂ ಉಂಟು. ಅದು ಮುಂದೆ ಕಥೆಯಲ್ಲಿಯೇ ಬರುತ್ತದೆ.

ದ್ವಾರಕಾನಾಥ ಶಾಂತಾರಾಮ ಕೋಟಣೀಸರು 1910ರ ಅಕ್ಟೋಬರ್ 10ರಂದು ಸೊಲ್ಲಾಪುರದಲ್ಲಿ ಜನಿಸಿದರು. ಮನೆತನದ ಮೂಲ ಕೊಂಕಣದ ವೆಂಗುರ್ಲಾ. ತಂದೆ ಶಾಂತಾರಾಮ ಅವರು ಇಲ್ಲಿನ ಗಿರಣಿಯಲ್ಲಿ ನೌಕರಿಗಿದ್ದರು. ಮನೆಯ ತುಂಬ ಮಕ್ಕಳು, ಒಬ್ಬರ ಸಂಪಾದನೆ. ಆಗಿನ ಸೊಲ್ಲಾಪುರವೆಂದರೆ ಗಿರಣಿಯ ಭೋಂಗಾ ಕೂಗಿದಾಗ ಏಳುವ, ಅದು ಕೂಗಿದಾಗ ಉಣ್ಣುವ ಊರು. ನೂಲು ಎಳೆಯುವುದು, ಕಡಿದ ಎಳೆಯನ್ನು ಗಂಟು ಹಾಕುವುದು, ಹಾಸು ಹೊಕ್ಕು ಸರಿಮಾಡುವುದು ಇಲ್ಲಿ ಮನೆಮನೆಯ ವಿದ್ಯೆಯಾಗಿತ್ತು. ಮಗ್ಗದ ಮೇಲೆ ಗಂಟು ದಪ್ಪವಾದರೆ ಬಟ್ಟೆ ಕೆಡುತ್ತದೆ, ಸಡಿಲವಾದರೆ ಎಳೆ ಬಿಚ್ಚುತ್ತದೆ ಎಂಬುದು ನೇಕಾರರ ಮಕ್ಕಳಿಗೆ ಯಾರೂ ಕಲಿಸದೆ ಬರುವ ತಿಳಿವಳಿಕೆ.

ದ್ವಾರಕಾನಾಥರ ಯೌವನದ ದಿನಗಳಲ್ಲಿ ಈ ಊರು ದೇಶದ ಕಣ್ಣಿಗೆ ಬಿದ್ದಿತು. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ತಲುಪಿದಾಗ ಸೊಲ್ಲಾಪುರದ ಗಿರಣಿ ಕಾರ್ಮಿಕರು ಬೀದಿಗಿಳಿದರು. ಬ್ರಿಟಿಷರು ಮಾರ್ಷಲ್ ಲಾ ಹೇರಿದರು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ, ಕುರ್ಬಾನ್ ಹುಸೇನ್ ಎಂಬ ನಾಲ್ವರನ್ನು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಇಂಥ ಊರಿನಿಂದ ಬಂದ ಇಪ್ಪತ್ತರ ತರುಣನಿಗೆ ವೈದ್ಯವಿದ್ಯೆ ಬರಿಯ ಹೊಟ್ಟೆಪಾಡಿನ ದಾರಿಯಾಗಿ ಕಂಡಿರಲಾರದು.

ಅವರು ಮುಂಬಯಿಯ ಸೇಠ್ ಗೋರ್ಧನದಾಸ ಸುಂದರದಾಸ ವೈದ್ಯಕೀಯ ಕಾಲೇಜಿನಲ್ಲಿ ಓದಿ ವೈದ್ಯರಾದರು. ಹೆಚ್ಚಿನ ವ್ಯಾಸಂಗದ ಸಿದ್ಧತೆಯೂ ನಡೆದಿತ್ತು.

ಶಸ್ತ್ರವೈದ್ಯನ ವಿದ್ಯೆಯಲ್ಲಿ ಕತ್ತರಿಸುವುದು ಅರ್ಧ, ಕೂಡಿಸುವುದು ಅರ್ಧ. ನೋಡುವವರಿಗೆ ಮೊದಲಿನದೇ ದೊಡ್ಡದಾಗಿ ಕಂಡರೂ ರೋಗಿ ಉಳಿಯುವುದು ಎರಡನೆಯದರಿಂದ. ಈ ವಿದ್ಯೆ ನಮ್ಮ ದೇಶದಲ್ಲಿ ಬಹು ಹಳೆಯದು. ಸುಶ್ರುತ ಸಂಹಿತೆಯಲ್ಲಿ ಹತ್ತಿಯ ನೂಲು, ರೇಷ್ಮೆ, ಸೆಣಬು, ಪ್ರಾಣಿಗಳ ಸ್ನಾಯು, ಕೂದಲು ಮೊದಲಾದವುಗಳಿಂದ ಗಾಯ ಹೊಲಿಯುವ ವಿಧಾನವಿದೆ. ಶರೀರದ ಯಾವ ಭಾಗಕ್ಕೆ ನೆಟ್ಟಗಿನ ಸೂಜಿ, ಯಾವುದಕ್ಕೆ ಬಿಲ್ಲಿನಂತೆ ಬಾಗಿದ ಸೂಜಿ ಎಂಬ ವಿವೇಚನೆಯಿದೆ. ಅಂಚಿನಿಂದ ಬಹು ದೂರ ಚುಚ್ಚಿದರೆ ನೋವು ಹೆಚ್ಚು, ಬಹು ಹತ್ತಿರ ಚುಚ್ಚಿದರೆ ಅಂಚೇ ಹರಿದುಹೋಗುತ್ತದೆ ಎಂಬ ಎಚ್ಚರಿಕೆಯೂ ಇದೆ. ಎಲ್ಲಕ್ಕಿಂತ ಆಶ್ಚರ್ಯದ ಮಾತು ಕರುಳಿನ ಗಾಯದ್ದು. ಕರುಳಿನ ಸೀಳನ್ನು ಕೂಡಿಸಿ ಹಿಡಿದು ಕಪ್ಪು ಇರುವೆಗಳಿಂದ ಕಚ್ಚಿಸಬೇಕು. ಕಚ್ಚಿದ ಮೇಲೆ ಇರುವೆಯ ದೇಹವನ್ನು ಕಿತ್ತು ತಲೆಯನ್ನಷ್ಟೇ ಬಿಡಬೇಕು. ಹೊಟ್ಟೆಯೊಳಗೆ ಮತ್ತೆ ಕೈ ಹಾಕಿ ಹೊಲಿಗೆ ಬಿಚ್ಚಲು ಬರುವುದಿಲ್ಲ. ಆದುದರಿಂದ ತಾನಾಗಿ ಕರಗಿಹೋಗುವ ಹೊಲಿಗೆಯೇ ಅಲ್ಲಿಗೆ ಬೇಕು ಎಂಬುದನ್ನು ಆ ಪ್ರಾಚೀನರು ಕಂಡುಕೊಂಡಿದ್ದರು.

ಯುರೋಪಿನಲ್ಲಿ ಇದೇ ಪ್ರಶ್ನೆಯನ್ನು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯರು ಕೈಗೆತ್ತಿಕೊಂಡರು. ಕುರಿಯ ಕರುಳಿನ ಪದರದಿಂದ ಹೊಸೆದ ಕ್ಯಾಟ್‌ಗಟ್ ಎಂಬ ದಾರವನ್ನು ಕಾರ್ಬಾಲಿಕ್ ಆಮ್ಲದಲ್ಲಿ ಶುದ್ಧಿಗೊಳಿಸಿ ದೇಹದೊಳಗೆ ಬಳಸಿದರು. ಅದು ಕೆಲವು ವಾರ ಹಿಡಿದಿದ್ದು ಕರಗುತ್ತಿತ್ತು. ಚರ್ಮದ ಮೇಲೆ ರೇಷ್ಮೆಯ ದಾರ, ಒಳಗೆ ಕ್ಯಾಟ್‌ಗಟ್ ಎಂಬುದು ಕೋಟಣೀಸರ ತಲೆಮಾರಿನ ಶಸ್ತ್ರವೈದ್ಯರ ರೂಢಿಯಾಗಿತ್ತು. ಈಗ ರಾಸಾಯನಿಕವಾಗಿ ತಯಾರಿಸಿದ, ದೇಹದ ನೀರಿನಂಶದಿಂದಲೇ ಕರಗುವ ನೂಲುಗಳು ಬಂದಿವೆ. ಆದರೆ ಅಂದೂ ಇಂದೂ ದಾರ ತಯಾರಿಸುವವರ ಮುಂದಿರುವ ಕಷ್ಟ ಒಂದೇ. ಹೊಲಿಗೆ ಗಟ್ಟಿಯಾಗಿ ಹಿಡಿಯಬೇಕು, ಹೊತ್ತು ಬಂದಾಗ ಮಾಂಸವನ್ನು ಎಳೆಯದೆ ಹೊರಬರಬೇಕು. ಬಿಗಿ ಹೆಚ್ಚಾದರೆ ರಕ್ತಸಂಚಾರ ನಿಂತು ಅಂಚು ಸಾಯುತ್ತದೆ, ಕಡಿಮೆಯಾದರೆ ಗಾಯ ತೆರೆದುಕೊಳ್ಳುತ್ತದೆ.

ಗಂಟಿನಲ್ಲಿಯೂ ಇದೇ ವಿವೇಕ. ಮೊದಲ ಸುತ್ತು ಒಂದು ದಿಕ್ಕಿಗೆ, ಎರಡನೆಯದು ಅದರ ವಿರುದ್ಧ ದಿಕ್ಕಿಗೆ ಬಂದರೆ ಗಂಟು ಚಪ್ಪಟೆಯಾಗಿ ಕೂತು ಜಾರುವುದಿಲ್ಲ. ಎರಡೂ ಒಂದೇ ದಿಕ್ಕಿಗಾದರೆ ಜಾರುಗಂಟಾಗುತ್ತದೆ. ಗಂಟು ಗಾಯದ ಗೆರೆಯ ಮೇಲೆ ಕೂರಬಾರದು, ಪಕ್ಕಕ್ಕಿರಬೇಕು. ಬಿಚ್ಚುವಾಗ ಗಂಟನ್ನು ಮೆಲ್ಲನೆ ಎತ್ತಿ, ಚರ್ಮಕ್ಕೆ ಅಂಟಿದ ಕಡೆ ಒಂದೇ ಎಳೆಯನ್ನು ಕತ್ತರಿಸಿ ಗಾಯದ ಕಡೆಗೆ ಎಳೆಯಬೇಕು. ಹೀಗೆ ಮಾಡಿದರೆ ಹೊರಗಿದ್ದು ಕೊಳೆಯಾದ ದಾರ ಒಳಗೆ ಹಾದುಹೋಗುವುದಿಲ್ಲ, ಕೂಡಿದ ಅಂಚು ಅಗಲುವುದಿಲ್ಲ. ಹಾಕುವಾಗಲೇ ಬಿಚ್ಚುವ ದಿನವನ್ನು ನೆನೆದು ಹಾಕಿದ ಹೊಲಿಗೆಯೇ ಒಳ್ಳೆಯ ಹೊಲಿಗೆ.

ತರುಣ ವೈದ್ಯರು ಮುಂದಿನ ಓದಿನ ಯೋಚನೆಯಲ್ಲಿದ್ದಾಗಲೇ ಪೂರ್ವದಿಂದ ಕರೆ ಬಂದಿತು. 1937ರಲ್ಲಿ ಜಪಾನ್ ಚೀನದ ಮೇಲೆ ಪೂರ್ಣ ಪ್ರಮಾಣದ ಯುದ್ಧ ಹೂಡಿತ್ತು. ಎಂಟನೆಯ ಮಾರ್ಗಸೇನೆಯ ಸೇನಾನಿ ಝೂ ದೆ ಅವರು ವೈದ್ಯಕೀಯ ನೆರವು ಕೋರಿ ಜವಾಹರಲಾಲ ನೆಹರೂ ಅವರಿಗೆ ಪತ್ರ ಬರೆದರು. 1938ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ಜನರ ಮುಂದೆ ಮನವಿಯಿಟ್ಟು ಹಣ ಕೂಡಿಸಿದರು. ಪರಾಧೀನ ದೇಶವೊಂದು ಇನ್ನೊಂದು ಪೀಡಿತ ದೇಶಕ್ಕೆ ವೈದ್ಯರನ್ನು ಕಳುಹಿಸಲು ಮುಂದಾದುದು ಸಣ್ಣ ಸಂಗತಿಯಲ್ಲ. ಐವರು ಆಯ್ಕೆಯಾದರು. ಸ್ಪೇನಿನ ಯುದ್ಧದಲ್ಲಿ ಸೇವೆ ಸಲ್ಲಿಸಿ ಬಂದಿದ್ದ ಡಾ. ಅಟಲ್ ಅವರು ಮುಖಂಡರು. ನಾಗಪುರದ ಡಾ. ಚೋಳಕರ, ಕಲಕತ್ತೆಯ ಡಾ. ಬಸು ಮತ್ತು ಡಾ. ಮುಖರ್ಜಿ, ಸೊಲ್ಲಾಪುರದ ಡಾ. ಕೋಟಣೀಸ ಉಳಿದ ನಾಲ್ವರು.

1938ರ ಸೆಪ್ಟೆಂಬರ್ 1ರಂದು ಮುಂಬಯಿ ಬಂದರಿನಿಂದ ರಜಪೂತಾನಾ ಎಂಬ ಹಡಗು ಅವರನ್ನು ಹೊತ್ತು ಹೊರಟಿತು. ದ್ವಾರಕಾನಾಥರಿಗೆ ಇನ್ನೂ ಇಪ್ಪತ್ತೆಂಟು ತುಂಬಿರಲಿಲ್ಲ. ಅದೇ ತಿಂಗಳ 17ರಂದು ಕ್ಯಾಂಟನ್ ತಲುಪಿದಾಗ ಚೀನದ ರಾಷ್ಟ್ರನಾಯಕ ಸುನ್ ಯಾತ್ಸೆನ್ನರ ಪತ್ನಿ ಸುಂಗ್ ಚಿಂಗ್‌ಲಿಂಗ್ ಅವರು ಸ್ವಾಗತಿಸಿದರು. ಅಲ್ಲಿಂದ ಹಾನ್‌ಕೌ, ಯಿಚಾಂಗ್, ಚುಂಗ್‌ಕಿಂಗ್ ಎಂದು ಯುದ್ಧದ ಹೊಗೆಯ ನಡುವೆ ಪಯಣ ಸಾಗಿತು. ಐವರ ಹೆಸರಿಗೂ ಚೀನ ಎಂಬ ಅರ್ಥದ ಹುವಾ ಶಬ್ದವನ್ನು ಸೇರಿಸಿ ಚೀನೀ ಹೆಸರುಗಳನ್ನಿಟ್ಟರು. ಕೋಟಣೀಸರು ಕೆ ದಿಹುವಾ ಆದರು. ಇಂದಿಗೂ ಆ ದೇಶದ ಜನ ಅವರನ್ನು ಬಲ್ಲುದು ಆ ಹೆಸರಿನಿಂದಲೇ.

ಚುಂಗ್‌ಕಿಂಗ್‌ನಲ್ಲಿ ಇದ್ದಾಗ ಮನೆಯಿಂದ ಸುದ್ದಿ ಬಂದಿತು. ತಂದೆ ತೀರಿಕೊಂಡಿದ್ದರು. ದುಡಿಯುವ ವಯಸ್ಸಿನ ಮಗ ಸಾವಿರಾರು ಮೈಲಿ ದೂರದಲ್ಲಿದ್ದನು. ಮನೆಯಲ್ಲಿ ತಾಯಿ, ಒಡಹುಟ್ಟಿದವರು. ಹಿಂದಿರುಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಹಿಂದಿರುಗಲಿಲ್ಲ.

ಈ ಪ್ರಸಂಗವನ್ನು ನಾನು ಪ್ರತಿ ವರ್ಷವೂ ಮಕ್ಕಳಿಗೆ ಹೇಳುತ್ತೇನೆ. ಪ್ರತಿ ವರ್ಷವೂ ಯಾರಾದರೊಬ್ಬ ಹುಡುಗಿ ತಾಯಿಯ ವಿಷಯ ಕೇಳುತ್ತಾಳೆ. ಗಂಡನನ್ನು ಕಳೆದುಕೊಂಡ ಆ ತಾಯಿ ಮಗನ ಹಾದಿ ಕಾಯಲಿಲ್ಲವೇ, ಅವಳ ಗಾಯವನ್ನು ಯಾರು ಹೊಲಿದರು ಎಂದು. ಮಹಾಪುರುಷರ ಚರಿತ್ರೆಗಳಲ್ಲಿ ಈ ಪ್ರಶ್ನೆಯನ್ನು ದಾಟಿಹೋಗುವ ಪದ್ಧತಿಯಿದೆ. ನಾನು ದಾಟಿಹೋಗಲು ಇಷ್ಟಪಡುವುದಿಲ್ಲ. ಸೊಲ್ಲಾಪುರದ ಆ ಕುಟುಂಬ ಬಹಳ ಕೊಟ್ಟಿತು. ಅದು ನೋವಿಲ್ಲದೆ ಕೊಟ್ಟದ್ದಲ್ಲ. ಗಡಿಯ ಆಚೆ ನೂರಾರು ತಾಯಂದಿರ ಮಕ್ಕಳು ಬದುಕಿದುದಕ್ಕೆ ಇಲ್ಲಿ ಒಬ್ಬ ತಾಯಿ ಬೆಲೆ ತೆತ್ತಳು. ಡಾ. ಕೋಟಣೀಸರನ್ನು ನೆನೆಯುವಾಗ ಆಕೆಯನ್ನೂ ನೆನೆಯುವುದು ನಮ್ಮ ಕರ್ತವ್ಯ.

1939ರ ಫೆಬ್ರವರಿ 12ರಂದು ವೈದ್ಯರ ತಂಡ ಯೆನಾನ್ ತಲುಪಿತು. ಹಳದಿ ಮಣ್ಣಿನ ಗುಡ್ಡಗಳನ್ನು ಕೊರೆದು ಮಾಡಿದ ಗುಹೆಗಳೇ ಅಲ್ಲಿ ಮನೆ, ಅವೇ ಆಸ್ಪತ್ರೆ. ಕೆಲವು ತಿಂಗಳ ನಂತರ ಡಾ. ಚೋಳಕರ ಮತ್ತು ಡಾ. ಮುಖರ್ಜಿಯವರು ಸ್ವದೇಶಕ್ಕೆ ಮರಳಿದರು. ಅದೇ ವರ್ಷದ ಕೊನೆಗೆ ಉಳಿದ ಮೂವರು ಯುದ್ಧದ ಮುಂಚೂಣಿಗೆ ಹೊರಟರು. ಮುಂದೆ ಡಾ. ಅಟಲ್ ಅವರೂ ಮರಳಿದರು. ಡಾ. ಬಸು 1943ರಲ್ಲಿ ಹಿಂದಿರುಗಿದರು. ಐವರಲ್ಲಿ ಮರಳಿ ಬಾರದವರು ಕೋಟಣೀಸರೊಬ್ಬರೇ.

ಮುಂಚೂಣಿಯ ಗಾಯವು ಆಸ್ಪತ್ರೆಯ ಮೇಜಿನ ಮೇಲೆ ವೈದ್ಯನೇ ಮಾಡಿದ ಗಾಯದಂಥದಲ್ಲ. ಅದರಲ್ಲಿ ಗುಂಡಿನ ಚೂರು, ಬಟ್ಟೆಯ ತುಣುಕು, ಹೊಲದ ಮಣ್ಣು ಎಲ್ಲವೂ ಸೇರಿರುತ್ತವೆ. ಅಂಥ ಗಾಯವನ್ನು ಕಂಡೊಡನೆ ಹೊಲಿದು ಮುಚ್ಚುವುದು ರೋಗಿಯನ್ನು ಕೊಂದಂತೆ. ಮೊದಲನೆಯ ಮಹಾಯುದ್ಧದ ವೈದ್ಯರು ಬಹಳ ಜೀವಗಳನ್ನು ಕಳೆದುಕೊಂಡು ಈ ಪಾಠ ಕಲಿತಿದ್ದರು. ಮೊದಲು ಸತ್ತ ಮಾಂಸವನ್ನು ಕತ್ತರಿಸಿ ತೆಗೆಯಬೇಕು, ಚೆನ್ನಾಗಿ ತೊಳೆಯಬೇಕು, ಗಾಯವನ್ನು ತೆರೆದೇ ಇಟ್ಟು ಪಟ್ಟಿ ಸುತ್ತಬೇಕು. ನಾಲ್ಕೈದು ದಿನ ಕಳೆದು ಒಳಗೆ ಕೀವಿಲ್ಲವೆಂದು ಖಚಿತವಾದ ಮೇಲೆಯೇ ಹೊಲಿಗೆ. ಕೊಳೆಯನ್ನು ಒಳಗಿಟ್ಟು ಹೊಲಿಯಬಾರದೆಂದು ಸುಶ್ರುತರೂ ಹೇಳಿದ್ದರು. ಮೇಲೆ ಬಾಂಬು ಬೀಳುತ್ತಿರುವಾಗ, ಹೊರಗೆ ಇನ್ನೂ ಹತ್ತು ಮಂದಿ ನರಳುತ್ತಿರುವಾಗ, ಇಂಥ ತಾಳ್ಮೆ ಇಟ್ಟುಕೊಳ್ಳುವುದು ಎಷ್ಟು ಕಠಿಣವೆಂಬುದನ್ನು ಓದುಗರೇ ಊಹಿಸಬೇಕು.

1940ರಲ್ಲಿ ನಡೆದ ದೊಡ್ಡ ಕಾಳಗವೊಂದರಲ್ಲಿ ಡಾ. ಕೋಟಣೀಸರು ನಿದ್ರೆಯಿಲ್ಲದೆ 72 ಗಂಟೆಗಳ ಕಾಲ ಶಸ್ತ್ರಕ್ರಿಯೆ ನಡೆಸಿದರು. ಆ ಕಾಳಗದಲ್ಲಿ ಅವರು ಉಪಚರಿಸಿದ ಗಾಯಾಳುಗಳ ಸಂಖ್ಯೆ 800ನ್ನು ಮೀರುತ್ತದೆ. ಔಷಧಗಳು ಹೇಸರಗತ್ತೆಯ ಬೆನ್ನ ಮೇಲೆ ಬರಬೇಕಾಗಿದ್ದ, ಶತ್ರುವಿನ ದಿಗ್ಬಂಧನದಲ್ಲಿದ್ದ ಗುಡ್ಡಗಾಡು ಪ್ರದೇಶ ಅದು.

ಆ ಪ್ರದೇಶದಲ್ಲಿ ಅವರಿಗಿಂತ ಮೊದಲು ಕೆಲಸ ಮಾಡಿದವರು ಕೆನಡಾ ದೇಶದ ಶಸ್ತ್ರವೈದ್ಯ ಡಾ. ನಾರ್ಮನ್ ಬೆಥೂನ್. ಶಸ್ತ್ರಕ್ರಿಯೆಯ ವೇಳೆ ಬೆರಳಿಗಾದ ಸಣ್ಣ ಗಾಯವೊಂದು ನಂಜಾಗಿ, ಅದು ರಕ್ತಕ್ಕೆ ಏರಿ ಅವರು 1939ರ ನವೆಂಬರ್ 12ರಂದು ನಿಧನರಾಗಿದ್ದರು. ಸಾವಿರಾರು ಗಾಯಗಳನ್ನು ಕೂಡಿಸಿದ ಕೈ ತನ್ನದೊಂದು ಗೀರಿಗೆ ಸೋತಿತು. 1940ರಲ್ಲಿ ಕೋಟಣೀಸರು ಆ ಹಿರಿಯರ ಸಮಾಧಿಯ ಮುಂದೆ ನಿಂತು ಗೌರವ ಸಲ್ಲಿಸಿದರು. 1941ರ ಜನವರಿಯಲ್ಲಿ ಬೆಥೂನ್ ಅಂತಾರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರಾಗಿ ನೇಮಕಗೊಂಡರು. ಅದರ ಜೊತೆಗೆ ಬೆಥೂನರ ಹೆಸರಿನ ವೈದ್ಯಶಾಲೆಯಲ್ಲಿ ಶಸ್ತ್ರವೈದ್ಯದ ಪಾಠವನ್ನೂ ಹೇಳತೊಡಗಿದರು.

ಕನ್ನಡ ಶಾಲೆಯ ಈ ಸಂಪುಟದಲ್ಲಿ ಅವರಿಗೆ ಸ್ಥಳವಿರಬೇಕೆಂದು ನಾನು ಹೇಳಿದ ಎರಡನೆಯ ಕಾರಣ ಇಲ್ಲಿದೆ. ಅವರ ವಿದ್ಯಾರ್ಥಿಗಳು ಉತ್ತರ ಚೀನದ ಹಳ್ಳಿಗಳ ರೈತರ ಮಕ್ಕಳು, ಸೈನಿಕರು. ಇಂಗ್ಲಿಷ್ ಅವರಿಗೆ ತಿಳಿಯದು. ದುಭಾಷಿಯನ್ನು ಇಟ್ಟುಕೊಂಡು ಪಾಠ ಮುಗಿಸಬಹುದಿತ್ತು. ಕೋಟಣೀಸರು ಹಾಗೆ ಮಾಡಲಿಲ್ಲ. ಅತ್ಯಂತ ಕಠಿಣವೆನಿಸಿದ ಆ ಭಾಷೆಯನ್ನು ಮಾತಿನಲ್ಲಿಯೂ ಬರವಣಿಗೆಯಲ್ಲಿಯೂ ಕಲಿತರು. ವಿದ್ಯಾರ್ಥಿಗಳ ಮಾತಿನಲ್ಲಿಯೇ ಶಸ್ತ್ರವೈದ್ಯವನ್ನು ಬೋಧಿಸಿದರು. ಅವರಿಗಾಗಿ ಶಸ್ತ್ರವೈದ್ಯದ ಸಾಮಾನ್ಯ ತತ್ತ್ವಗಳ ಪಠ್ಯವೊಂದನ್ನು ಸಿದ್ಧಪಡಿಸಿ, ಅದರ ಮುಂದಿನ ಭಾಗವನ್ನು ಬರೆಯಲು ಕೈಹಾಕಿದರು. ವಿಜ್ಞಾನವನ್ನು ಮಕ್ಕಳ ಮಾತಿನಲ್ಲಿ ಹೇಳಲು ಸಾಧ್ಯವೇ ಎಂದು ಇಂದಿಗೂ ನಮ್ಮನ್ನು ಕೇಳುವವರಿದ್ದಾರೆ. ಯುದ್ಧದ ನಡುವೆ, ತನ್ನದಲ್ಲದ ಭಾಷೆಯಲ್ಲಿ, ಸೊಲ್ಲಾಪುರದ ಮಗನೊಬ್ಬ ಅದನ್ನು ಮಾಡಿ ತೋರಿಸಿದ್ದಾನೆ.

ತಾನೊಬ್ಬನೇ ನೂರು ಗಾಯ ಹೊಲಿಯುವುದಕ್ಕಿಂತ, ತಾನಿಲ್ಲದಾಗಲೂ ಹೊಲಿಯಬಲ್ಲ ನೂರು ಕೈಗಳನ್ನು ತಯಾರಿಸುವುದು ಹೆಚ್ಚೆಂದು ಅವರು ಅರಿತಿದ್ದರು. ಪರದೇಶದಿಂದ ಬಂದ ವೈದ್ಯನು ಎಂದಾದರೂ ಹೋಗುವವನೇ. ಅವನು ಹೋದ ದಿನ ಆಸ್ಪತ್ರೆ ಬಾಯಿ ಬಿಡಬಾರದು.

ಬೆಥೂನ್ ಶಾಲೆಯಲ್ಲಿ ದಾದಿಯರಿಗೆ ಪಾಠ ಹೇಳುತ್ತಿದ್ದ ಗುವೊ ಚಿಂಗ್‌ಲಾನ್ ಅವರನ್ನು ಕೋಟಣೀಸರು 1941ರಲ್ಲಿ ವಿವಾಹವಾದರು. 1942ರ ಜುಲೈಯಲ್ಲಿ ಚೀನದ ಕಮ್ಯುನಿಸ್ಟ್ ಪಕ್ಷದ ಸದಸ್ಯರಾದರು. ಅದೇ ವರ್ಷದ ಆಗಸ್ಟ್ 23ರಂದು ಅವರಿಗೆ ಗಂಡುಮಗು ಹುಟ್ಟಿತು. ಮಗುವಿಗೆ ಯಿನ್‌ಹುವಾ ಎಂದು ಹೆಸರಿಟ್ಟರು. ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನ.

ಅಷ್ಟರಲ್ಲಿ ಅವರ ದೇಹ ದಣಿದಿತ್ತು. ಅಪಸ್ಮಾರದ ಸೆಳವುಗಳು ಬರಲಾರಂಭಿಸಿದ್ದವು. ಮುಂಚೂಣಿಯನ್ನು ಬಿಟ್ಟು ಚಿಕಿತ್ಸೆಗೆ ಹೋಗಬೇಕೆಂದು ಹಿತೈಷಿಗಳು ಒತ್ತಾಯಿಸಿದರೂ ಅವರು ಕೆಲಸ ಬಿಡಲಿಲ್ಲ. ವೈದ್ಯರಾಗಿ ತಮ್ಮ ರೋಗದ ಗತಿ ಅವರಿಗೆ ತಿಳಿಯದಿರಲಿಲ್ಲ. ಹಗಲು ಶಸ್ತ್ರಕ್ರಿಯೆ ಮತ್ತು ಪಾಠ, ಉಳಿದ ಹೊತ್ತು ಪುಸ್ತಕದ ಬರವಣಿಗೆ ಎಂಬ ಕ್ರಮವನ್ನು ಮುಂದುವರಿಸಿದರು. 1942ರ ಡಿಸೆಂಬರ್ 9ರಂದು ಅಪಸ್ಮಾರದ ತೀವ್ರ ಆಘಾತದಿಂದ ಅವರು ಕೊನೆಯುಸಿರೆಳೆದರು. ವಯಸ್ಸು ಮೂವತ್ತೆರಡು. ಮಗನಿಗೆ ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ. ಎರಡನೆಯ ಪುಸ್ತಕ ಅರ್ಧಕ್ಕೆ ನಿಂತಿತು.

ಹೆಬೆಯಿ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಅವರನ್ನು ಮಣ್ಣು ಮಾಡಿದರು. ಮುಂದೆ ಅವರ ಅವಶೇಷಗಳನ್ನು ಶಿಜಿಯಾಝುವಾಂಗ್ ನಗರದ ಹುತಾತ್ಮರ ಸ್ಮಶಾನಕ್ಕೆ ಒಯ್ದರು. ಡಾ. ಬೆಥೂನರ ಸಮಾಧಿಯೂ ಅಲ್ಲಿಯೇ ಇದೆ.

ಅವರು ಹೋದ ಮೇಲೆ ಆಸ್ಪತ್ರೆ ಬಾಯಿ ಬಿಡಲಿಲ್ಲ. ಬೆಥೂನ್ ಶಾಂತಿ ಆಸ್ಪತ್ರೆ ಇಂದು ಶಿಜಿಯಾಝುವಾಂಗ್‌ನಲ್ಲಿ ದೊಡ್ಡ ಸಂಸ್ಥೆಯಾಗಿ ಬೆಳೆದು ನಡೆಯುತ್ತಿದೆ. ಅದೇ ನಗರದಲ್ಲಿ ಕೆ ದಿಹುವಾ ಅವರ ಹೆಸರಿನ ವೈದ್ಯಶಾಲೆಯೂ ಇದೆ. ಭಾರತದಲ್ಲಿ ಖ್ವಾಜಾ ಅಹ್ಮದ್ ಅಬ್ಬಾಸರ ಪುಸ್ತಕವನ್ನು ಆಧರಿಸಿ ವಿ. ಶಾಂತಾರಾಮ ಅವರು 1946ರಲ್ಲಿ ಡಾಕ್ಟರ್ ಕೋಟಣೀಸ್ ಕೀ ಅಮರ್ ಕಹಾನಿ ಎಂಬ ಚಲನಚಿತ್ರ ತೆಗೆದು, ತಾವೇ ಕೋಟಣೀಸರ ಪಾತ್ರ ವಹಿಸಿದರು. ಚೀನ 1982ರಲ್ಲಿ, ಭಾರತ 1993ರಲ್ಲಿ ಅವರ ಸ್ಮರಣೆಗೆ ಅಂಚೆಚೀಟಿ ಹೊರಡಿಸಿದವು. ಚೀನದ ನಾಯಕರು ಭಾರತಕ್ಕೆ ಬಂದಾಗ ಮುಂಬಯಿಯಲ್ಲಿದ್ದ ಕೋಟಣೀಸ ಕುಟುಂಬದವರನ್ನು ಕಾಣುವುದು ಒಂದು ಸಂಪ್ರದಾಯವೇ ಆಯಿತು. ನಮ್ಮ ಮಹಾನಗರಪಾಲಿಕೆ ಅವರ ಹುಟ್ಟುಮನೆಯನ್ನು ಸ್ಮಾರಕವಾಗಿ ಉಳಿಸಿಕೊಂಡಿದೆ.

ಆದರೆ ಎಲ್ಲ ಗಾಯಗಳೂ ಕೂಡಲಿಲ್ಲ. ಎರಡು ದೇಶಗಳ ಹೆಸರನ್ನು ಹೊತ್ತ ಯಿನ್‌ಹುವಾ ತಂದೆಯಂತೆ ವೈದ್ಯನಾಗಲು ಓದುತ್ತಿದ್ದಾಗಲೇ 1967ರಲ್ಲಿ ತೀರಿಕೊಂಡನು. ಗುವೊ ಚಿಂಗ್‌ಲಾನ್ ಅವರು ಹಲವು ಸಲ ಭಾರತಕ್ಕೆ ಬಂದು ಗಂಡನ ಮನೆಯವರನ್ನು ಕಂಡುಹೋಗುತ್ತಿದ್ದರು. 2012ರಲ್ಲಿ, 96ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಎರಡು ದೇಶಗಳ ನಡುವೆಯೂ 1962ರಲ್ಲಿ ಯುದ್ಧವಾಯಿತು. ಆ ಯುದ್ಧದ ನಂತರವೂ ಅಲ್ಲಿ ಅವರ ಸಮಾಧಿ, ಇಲ್ಲಿ ಅವರ ಹೆಸರು ಗೌರವ ಕಳೆದುಕೊಳ್ಳಲಿಲ್ಲ ಎಂಬುದಷ್ಟೇ ಸಮಾಧಾನ.

ಇನ್ನು ಆ ಬಾಲಕನ ಪ್ರಶ್ನೆ. ವಿಜ್ಞಾನದ ಶಿಕ್ಷಕರು ನನಗೆ ತಿಳಿಸಿದುದನ್ನು ಅವನಿಗೆ ಹೇಳಿದೆನು. ಗಾಯವನ್ನು ಕೂಡಿಸುವುದು ದಾರವಲ್ಲ, ದೇಹವೇ. ದೇಹ ತನ್ನದೇ ಎಳೆಗಳನ್ನು ನೂತು ಎರಡು ಅಂಚುಗಳನ್ನು ನೇಯ್ದುಕೊಳ್ಳುತ್ತದೆ. ಆ ನೇಯ್ಗೆ ಮುಗಿಯುವವರೆಗೆ ಅಂಚುಗಳು ಅಗಲದಂತೆ ಹಿಡಿದುಕೊಳ್ಳುವುದಷ್ಟೇ ದಾರದ ಕೆಲಸ. ಮೊದಲ ವಾರದ ಕೊನೆಗೆ ಗಾಯದ ಬಲ ಮೂಲ ಚರ್ಮದ ಬಲದ ಹತ್ತರಲ್ಲೊಂದು ಪಾಲೂ ಇರುವುದಿಲ್ಲ. ಆದುದರಿಂದ ಹೊಲಿಗೆ ಬಿಚ್ಚಿದ ಮೇಲೂ ಕೆಲವು ವಾರ ಜೋಪಾನ ಬೇಕು. ಮೂರು ತಿಂಗಳಿಗೆ ಅದು ಸುಮಾರು 80 ಪ್ರತಿಶತಕ್ಕೆ ಬರುತ್ತದೆ. ಮೊದಲಿನಷ್ಟು ಪೂರ್ತಿಯಾಗಿ ಎಂದಿಗೂ ಆಗುವುದಿಲ್ಲ. ಹಾಗೆಂದು ದಾರವನ್ನು ಬಿಡದೆ ಇಟ್ಟರೆ ಅದೇ ಒಂದು ಗಾಯವಾಗಿ, ಕಲೆ ಉಳಿಯುತ್ತದೆ. ಬಾಲಕನು ಹಣೆಯನ್ನು ಮುಟ್ಟಿನೋಡಿಕೊಂಡು, ಒಪ್ಪಿದವನಂತೆ ತಲೆಯಾಡಿಸಿ ಹೋದನು.

ಅವನು ಹೋದ ಮೇಲೆ ನಾನು ಬಹಳ ಹೊತ್ತು ಯೋಚಿಸಿದೆನು. ಈ ಗಡಿಸೀಮೆಯಲ್ಲಿ ಕನ್ನಡ ಶಾಲೆ ನಡೆಸುವುದೆಂದರೆ ಪ್ರತಿ ಜೂನ್ ತಿಂಗಳಲ್ಲಿಯೂ ಮಕ್ಕಳ ಸಂಖ್ಯೆಯ ಚಿಂತೆ. ನಮ್ಮ ಮಕ್ಕಳು ಹತ್ತನೆಯ ಇಯತ್ತೆ ಮುಗಿಸಿ ಮರಾಠಿ ಅಥವಾ ಇಂಗ್ಲಿಷಿಗೆ ಹೋಗುತ್ತಾರೆ, ಪುಣೆ ಮುಂಬಯಿಗಳಿಗೆ ಹೋಗುತ್ತಾರೆ. ಹೋದವರು ಕಳೆದುಹೋದರೆಂದು ದುಃಖಪಡುವ ಕಾಲವೊಂದು ನನಗೂ ಇತ್ತು. ಈಗ ಹಾಗೆನಿಸುವುದಿಲ್ಲ. ಅಕ್ಕಲಕೋಟೆಯ ಹಳ್ಳಿಯಿಂದ ಬಂದ ಮಗು ತನ್ನ ಮನೆಯ ಮಾತಿನಲ್ಲಿ ಲೆಕ್ಕವನ್ನೂ ವಿಜ್ಞಾನವನ್ನೂ ಅರ್ಥಮಾಡಿಕೊಂಡು ಗಟ್ಟಿಯಾಗುವವರೆಗೆ ಹಿಡಿದುಕೊಳ್ಳುವುದು ನಮ್ಮ ಕೆಲಸ. ಹಿಡಿಯುವಷ್ಟು ದಿನ ಸಡಿಲ ಬಿಡಬಾರದು. ಬಿಡುವ ದಿನ ಬಂದಾಗ ಎಳೆದು ನೋಯಿಸಬಾರದು.

ಈ ಸಂಚಿಕೆಯನ್ನು ಓದುವ ಪಾಲಕರಲ್ಲಿ ನನ್ನದೊಂದು ವಿನಂತಿ. ಬಿಡುವಿರುವ ಒಂದು ರವಿವಾರ ಮಕ್ಕಳ ಕೈಹಿಡಿದು ಭಯ್ಯಾ ಚೌಕದ ಆ ಮನೆಗೆ ಹೋಗಿಬನ್ನಿರಿ. ವಿಜಾಪುರ ರಸ್ತೆಯಿಂದ ಅದು ದೂರವಲ್ಲ. ಪರಊರಿನಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ಶತಮಾನೋತ್ಸವಕ್ಕೆ ಬಂದಾಗ ಅವಶ್ಯವಾಗಿ ನೋಡಬೇಕು. ನೋಡಿ ಬರುವಾಗ, ಆ ಮನೆಯ ಹೊಸ್ತಿಲಿನಲ್ಲಿ ಮಗನ ಹಾದಿ ಕಾದ ತಾಯಿಗೂ ಒಂದು ನಮಸ್ಕಾರ ಸಲ್ಲಲಿ.